ಮಗನನ್ನು ವಸತಿ ಚಿಕಿತ್ಸಾ ಕೇಂದ್ರಕ್ಕೆ ಸೇರಿಸಬಹುದೇ?

ಪ್ರಶ್ನೆ: ನಮ್ಮ ಮಗನಿಗೆ 15 ವರ್ಷ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಒಡೆಯುತ್ತಾನೆ, ತಂಗಿಗೆ ಹೊಡೆಯುತ್ತಾನೆ, ಮನೆ ಬಿಟ್ಟೂ ಹೋಗಿದ್ದ. ವಸತಿ ಕೇಂದ್ರಕ್ಕೆ ಸೇರಿಸಿದರೆ ಸರಿಹೋಗುತ್ತಾನೆಯೇ?

ಉತ್ತರ: ಮೊದಲು ಮಕ್ಕಳ ಮನೋವೈದ್ಯರಿಂದ ಪೂರ್ತಿ ತಪಾಸಣೆ ಆಗಲಿ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಖಿನ್ನತೆ, ಕಲಿಕೆಯ ತೊಂದರೆ, ಮಾದಕ ವಸ್ತು, ಎಲ್ಲೋ ಆದ ದೌರ್ಜನ್ಯ, ಇವೆಲ್ಲ ಹೊರಗೆ ಬರೀ ಸಿಟ್ಟಾಗಿಯೇ ಕಾಣಬಹುದು. ಜೀವಾಪಾಯವಿಲ್ಲದಿದ್ದರೆ ಮನೆಯಲ್ಲಿದ್ದೇ ಚಿಕಿತ್ಸೆ ಮೇಲು. ಬಹುಮುಖಿ ಕುಟುಂಬ ಚಿಕಿತ್ಸೆಯಲ್ಲಿ ಚಿಕಿತ್ಸಕರು 3ರಿಂದ 5 ತಿಂಗಳು ಮನೆಗೇ ಬಂದು ತಂದೆತಾಯಿಯ ಜೊತೆ ಕೆಲಸ ಮಾಡುತ್ತಾರೆ. ತಂಗಿಯ ಸುರಕ್ಷತೆಗೆ ಮಾತ್ರ ಇವತ್ತೇ ವ್ಯವಸ್ಥೆಯಾಗಬೇಕು.

ಕೇಂದ್ರವೇ ಅನಿವಾರ್ಯವಾದರೆ ಒಂದು ಅಪಾಯ ತಿಳಿದಿರಲಿ: ಒಂದೇ ಬಗೆಯ ಹುಡುಗರು ಗುಂಪಾಗಿದ್ದಾಗ ಪುಂಡಾಟಕ್ಕೆ ನಗು, ಶಹಬ್ಬಾಸ್ ಸಿಗುತ್ತದೆ, ಹೊಸ ಚಾಳಿ ಕಲಿಯುತ್ತಾರೆ. ಹಾಗಾಗಿ ರಾತ್ರಿ ಪಾಳಿಯಲ್ಲಿ ಎಷ್ಟು ಸಿಬ್ಬಂದಿ ಎಚ್ಚರವಿರುತ್ತಾರೆಂದು ಕೇಳಿ. ಹುಡುಗ ಕೆರಳಿದಾಗ ಏನು ಮಾಡುತ್ತಾರೆಂದೂ ಕೇಳಿ. ಬೋರಲು ಹಾಕಿ ಅದುಮಿಡುವ ಪದ್ಧತಿಯಿದ್ದರೆ ಅಲ್ಲಿಗೆ ಬೇಡ, ಉಸಿರುಗಟ್ಟಿ ಸತ್ತವರಿದ್ದಾರೆ. ಸೈನ್ಯದ ಶಿಸ್ತಿನ ಶಿಬಿರಗಳೂ ಬೇಡ. ಅವುಗಳಿಂದ ಪ್ರಯೋಜನ ಕಂಡಿಲ್ಲ.

'ಮೊದಲ ಕೆಲವು ತಿಂಗಳು ಭೇಟಿಯಿಲ್ಲ' ಎನ್ನುವವರನ್ನು ನಂಬಬೇಡಿ. ಅಲ್ಲಿ ಕಲಿತದ್ದು ಮನೆಗೆ ಬಂದ ಮೇಲೆ ಕರಗುವುದು, ಮನೆಯ ರೀತಿ ಹಳೆಯದೇ ಆಗಿದ್ದಾಗ. ವಾರವಾರ ಚಿಕಿತ್ಸೆಯಲ್ಲಿ ನಿಮ್ಮನ್ನೂ ಕೂರಿಸಿಕೊಳ್ಳುವ, ಬಿಡುಗಡೆಯ ಯೋಜನೆಯನ್ನು ಸೇರಿದ ವಾರದಲ್ಲೇ ಬರೆದು ಕೊಡುವ ಕೇಂದ್ರವನ್ನು ಆರಿಸಿ.