ಪಿಂಗ್ ಬರುತ್ತದೆ, ಫೋಲ್ಡರ್ ತೆರೆಯುವುದಿಲ್ಲ

ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಚಾಲೂ ಮಾಡಿದ ಮೇಲೆ ಉಬುಂಟುವಿನ ಸಾಂಬಾ (ಜಾಲದಲ್ಲಿ ಫೋಲ್ಡರ್ ಹಂಚುವ ತಂತ್ರಾಂಶ) ಫೋಲ್ಡರ್ ವಿಂಡೋಸ್‌ನಿಂದ ತೆರೆಯುತ್ತಿಲ್ಲ, ಪಿಂಗ್ (ಯಂತ್ರ ಜಾಲದಲ್ಲಿ ಸಿಗುತ್ತದೆಯೇ ಎಂಬ ಪರೀಕ್ಷೆ) ಮಾತ್ರ ಬರುತ್ತಿದೆ ಎಂದಿದ್ದೀರಿ. ಸಾಂಬಾವನ್ನು ಬಯ್ಯಬೇಡಿ, ಬಾಗಿಲು ಮುಚ್ಚಿದೆ ಅಷ್ಟೇ. ಸಾಂಬಾಕ್ಕೆ ಟಿಸಿಪಿ 445, 139 ಮತ್ತು ಯುಡಿಪಿ 137, 138 ಎಂಬ ನಾಲ್ಕು ಪೋರ್ಟ್‌ಗಳು, ಅಂದರೆ ಜಾಲದ ಬಾಗಿಲುಗಳು, ಬೇಕು. ಒಂದೊಂದನ್ನೇ ತೆರೆಯುತ್ತಾ ಕೂರುವ ಬದಲು ಟರ್ಮಿನಲ್‌ನಲ್ಲಿ ‘ಸುಡೊ ಯುಎಫ್‌ಡಬ್ಲ್ಯೂ ಅಲೌ ಫ್ರಮ್ 192.168.1.0/24 ಟು ಎನಿ ಆ್ಯಪ್ ಸಾಂಬಾ’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ನಾಲ್ಕೂ ಒಟ್ಟಿಗೆ ತೆರೆಯುತ್ತವೆ, ಅದೂ ಮನೆಯ ಜಾಲಕ್ಕೆ ಮಾತ್ರ. ನಿಮ್ಮ ಜಾಲದ ವಿಳಾಸ ಬೇರೆಯಿದ್ದರೆ ಅಂಕಿ ಬದಲಿಸಿ.

ಆಮೇಲೆ ಪಾಸ್‌ವರ್ಡ್ ಒಪ್ಪದಿದ್ದರೆ ಗಾಬರಿಯಾಗಬೇಡಿ: ಸಾಂಬಾಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಇಡಬೇಕು. ಇದನ್ನು ಮರೆತು ನಾನು ಒಂದು ಸಂಜೆಯನ್ನೇ ಹಾಳುಮಾಡಿಕೊಂಡಿದ್ದೆ. ರೂಟರ್‌ನಲ್ಲಿ ಮಾತ್ರ 445 ಅನ್ನು ಹೊರಗೆ ತೆರೆಯಬೇಡಿ. 2017ರಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ವಿಂಡೋಸ್ ಯಂತ್ರಗಳಿಗೆ ನುಗ್ಗಿದ್ದು ಅದೇ ಪೋರ್ಟ್‌ನಿಂದ.