ಮೊದಲು ಲೆನ್ಸ್, ಆಮೇಲೆ ಕ್ಯಾಮೆರಾ

ಪ್ರಶ್ನೆ: ನನ್ನಲ್ಲಿ ಕ್ಯಾನನ್ 1500ಡಿ ಕ್ಯಾಮೆರಾ ಮತ್ತು 18-55 ಮಿ.ಮೀ. ಲೆನ್ಸ್ ಇವೆ. ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಹಕ್ಕಿಗಳ ಚಿತ್ರಗಳು ತೃಪ್ತಿ ಕೊಡುತ್ತಿಲ್ಲ. ಫುಲ್‌ಫ್ರೇಮ್ (ಚಿತ್ರ ಗ್ರಹಿಸುವ ಸೆನ್ಸರ್ ದೊಡ್ಡದಾಗಿರುವ) ಕ್ಯಾಮೆರಾ ಕೊಳ್ಳಲೇ?

ಉತ್ತರ: ದಯವಿಟ್ಟು ಈಗಲೇ ಬೇಡ. ನಿಮ್ಮ ಕ್ಯಾಮೆರಾದ ಚಿಕ್ಕ ಸೆನ್ಸರ್ ಹಕ್ಕಿಗಳ ವಿಷಯದಲ್ಲಿ ವರವೇ ಆಗಿದ್ದು, 250 ಮಿ.ಮೀ. ಲೆನ್ಸ್ ಅದರಲ್ಲಿ 400 ಮಿ.ಮೀ.ಗೆ ಸಮನಾದ ನೋಟವನ್ನು ಕೊಡುತ್ತದೆ. ಫುಲ್‌ಫ್ರೇಮ್‌ಗೆ ಹೋದರೆ ಆ ಲಾಭ ಕೈತಪ್ಪಿ, ಇನ್ನಷ್ಟು ಉದ್ದದ, ದುಬಾರಿಯಾದ ಲೆನ್ಸ್ ಬೇಕಾಗುತ್ತದೆ. ಆದ್ದರಿಂದ ಮೊದಲು 55-250 ಮಿ.ಮೀ. ಲೆನ್ಸ್ ಕೊಂಡು, ದೋಣಿ ಅಲುಗುತ್ತಲೇ ಇರುತ್ತದೆಂಬುದನ್ನು ಮರೆಯದೆ, ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟು ಅಭ್ಯಾಸ ಮಾಡಿ. ಹಾರುವ ಹಕ್ಕಿಗಳಿಗೆ ನಿಮ್ಮ ಕ್ಯಾಮೆರಾದ 9 ಫೋಕಸ್ ಬಿಂದುಗಳೂ ಸೆಕೆಂಡಿಗೆ 3 ಚಿತ್ರಗಳ ವೇಗವೂ ಸಾಲವೆಂದು ಆಗಲೂ ಅನ್ನಿಸಿದರೆ, 2022ರಲ್ಲಿ ಬಂದ, ಇಷ್ಟೇ ಚಿಕ್ಕ ಸೆನ್ಸರ್ ಇರುವ ಕ್ಯಾನನ್ ಆರ್7 ಕ್ಯಾಮೆರಾ ಸೂಕ್ತ; ಅದು ಹಕ್ಕಿಯ ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುತ್ತದೆ, ಅಡಾಪ್ಟರ್ ಮೂಲಕ ಇದೇ ಲೆನ್ಸನ್ನೂ ಸ್ವೀಕರಿಸುತ್ತದೆ.