ಅಜ್ಜಿಯ ಸಬ್ಬಸಿಗೆ ಉಪ್ಪಿನಕಾಯಿ: ಉಪ್ಪನ್ನು ತೂಗಿ, ಉಳಿದದ್ದನ್ನು ಹಾಗೆಯೇ ಬಿಡಿ

ನಿಮ್ಮ ಅಜ್ಜಿಯ ಚೀಟಿಯನ್ನು ನಿಧಾನವಾಗಿ ಓದಿದೆ. ಎಳೆ ಸೌತೆಕಾಯಿ, ಹೂಬಿಟ್ಟ ಸಬ್ಬಸಿಗೆ, ಬೆಳ್ಳುಳ್ಳಿ, ಕರಿಮೆಣಸು, ನಾಲ್ಕು ದ್ರಾಕ್ಷಿ ಎಲೆ, ‘ಮೊಟ್ಟೆ ತೇಲುವಷ್ಟು ಉಪ್ಪು’, ‘ಹುಳಿಯಾಗುವವರೆಗೆ ಇಡುವುದು’. ನೀವು ಮೊಟ್ಟೆಯನ್ನು ಬಿಟ್ಟು ಅಂದಾಜಿನಲ್ಲಿ ಒಂದು ಬಟ್ಟಲು ಉಪ್ಪು ಹಾಕಿದ್ದೀರಿ. ಈಗ ನೀರು ಮಬ್ಬಾಗಿದೆ, ಬೆಳ್ಳುಳ್ಳಿ ನೀಲಿಯಾಗಿದೆ, ಕಾಯಿ ಮೆತ್ತಗಾಗಿದೆ; ತಿನ್ನಬಹುದೇ ಎಂದು ಕೇಳಿದ್ದೀರಿ.

ಮಬ್ಬಿಗೆ ಹೆದರಬೇಡಿ. ಹುಳಿ ಬರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬೆಳೆದಾಗ ನೀರು ಮಬ್ಬಾಗಲೇಬೇಕು, ತಳದಲ್ಲಿ ಬಿಳಿ ಪುಡಿ ಕೂರಲೇಬೇಕು. ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಆಮ್ಲದಲ್ಲಿ ನೀಲಿ ಅಥವಾ ಹಸಿರು ಬಣ್ಣ ತಾಳುತ್ತವೆ, ಅದರಿಂದ ಯಾವ ಅಪಾಯವೂ ಇಲ್ಲ. ಆದರೆ ಕಾಯಿ ಮೆತ್ತಗಾದ ಮೇಲೆ ಆ ಜಾಡಿಯನ್ನು ಉಳಿಸಿಕೊಳ್ಳುವ ದಾರಿ ಇಲ್ಲ. ಕಾಯಿ ಮೆತ್ತಗಾದರೂ, ಲೋಳೆಯಾದರೂ, ಕೆಟ್ಟ ವಾಸನೆ ಬಂದರೂ ರುಚಿ ನೋಡದೆ ಚೆಲ್ಲಬೇಕು. ಬೇಸರವಾಗುತ್ತದೆ, ಗೊತ್ತು. ಆದರೂ ದಯವಿಟ್ಟು ಚೆಲ್ಲಿ.

ಚೀಟಿಯಲ್ಲಿ ತಪ್ಪೇನೂ ಇಲ್ಲ. ಬದಲಾಯಿಸಬೇಕಾದದ್ದು ಉಪ್ಪಿನ ಅಳತೆಯೊಂದನ್ನೇ. ತಾಜಾ ಮೊಟ್ಟೆ ತೇಲಬೇಕಾದರೆ ನೀರಿನಲ್ಲಿ ಸುಮಾರು ಶೇ. 10ರಷ್ಟು ಉಪ್ಪು ಇರಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ದೊಡ್ಡ ಭರಣಿಯಲ್ಲಿ ತಿಂಗಳುಗಟ್ಟಲೆ ಇಡುವವರಿಗೆ ಅದು ಸರಿಯಾಗಿತ್ತು. ತಿನ್ನುವ ಮುನ್ನ ಕಾಯಿಯನ್ನು ನೀರಿನಲ್ಲಿ ನೆನೆಸಿ ಉಪ್ಪು ಇಳಿಸುತ್ತಿದ್ದರು. ಜೊತೆಗೆ, ಮೊಟ್ಟೆ ಹಳತಾದಂತೆ ಅದರೊಳಗಿನ ಗಾಳಿಯ ಜಾಗ ಹಿಗ್ಗುತ್ತದೆ, ಹಾಗಾಗಿ ಕಡಿಮೆ ಉಪ್ಪಿಗೇ ತೇಲಿಬಿಡುತ್ತದೆ. ನಿಮ್ಮ ಬಟ್ಟಲಿನ ಅಳತೆಯನ್ನೂ ನಂಬುವಂತಿಲ್ಲ. ಅದೇ ಬಟ್ಟಲಿನಲ್ಲಿ ನುಣ್ಣನೆಯ ಉಪ್ಪು ತುಂಬಿದರೆ ಒಂದು ತೂಕ, ಹಗುರವಾದ ಹರಳುಪ್ಪು ತುಂಬಿದರೆ ಅದರ ಅರ್ಧಕ್ಕೆ ಹತ್ತಿರದ ತೂಕ. ನಿಮ್ಮ ಜಾಡಿಯಲ್ಲಿ ಉಪ್ಪು ಸಾಲದೆ ಹೋಗಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ತೂಕದ ತಕ್ಕಡಿ ಹಿಡಿಯಿರಿ. ನೀರಿನ ತೂಕಕ್ಕೆ ಮಾತ್ರ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ, ಏಕೆಂದರೆ ಸೌತೆಕಾಯಿಯ ತೂಕದಲ್ಲಿ ಶೇ. 95ರಷ್ಟು ನೀರೇ, ಅದು ಹೊರಬಂದು ಉಪ್ಪುನೀರನ್ನು ತೆಳುವಾಗಿಸುತ್ತದೆ. ಕಾಯಿ ಮತ್ತು ನೀರು ಎರಡನ್ನೂ ಸೇರಿಸಿ ತೂಗಿ, ಆ ಮೊತ್ತದ ಶೇ. 3.5ರಿಂದ 4ರಷ್ಟು ಉಪ್ಪು ಹಾಕಿ. ಒಂದು ಕಿಲೊ ಕಾಯಿ, ಒಂದು ಲೀಟರ್ ನೀರು ಎಂದರೆ 70ರಿಂದ 80 ಗ್ರಾಂ. ಗಂಟು ಕಟ್ಟದಂತೆ ಪುಡಿ ಬೆರೆಸಿದ ಉಪ್ಪು ನೀರನ್ನು ಇನ್ನಷ್ಟು ಮಬ್ಬಾಗಿಸುತ್ತದೆ, ಶುದ್ಧ ಉಪ್ಪು ಸಿಕ್ಕರೆ ಒಳ್ಳೆಯದು. ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿ ಬಳಸಿ.

ಗರಿಗರಿ ಉಳಿಯಬೇಕಾದರೆ ಇನ್ನೊಂದು ಕೆಲಸವಿದೆ, ಅದನ್ನು ಯಾವ ಚೀಟಿಯೂ ಹೇಳುವುದಿಲ್ಲ, ಏಕೆಂದರೆ ಮಾಡುವವರ ಕೈಗೆ ಅದು ರೂಢಿಯಾಗಿರುತ್ತದೆ. ಕಾಯಿಯ ತೊಟ್ಟಿನ ಎದುರು ತುದಿಯಲ್ಲಿ, ಹೂವು ಉದುರಿದ ಜಾಗದಲ್ಲಿ, ಕಾಯಿಯನ್ನು ಕರಗಿಸುವ ಕಿಣ್ವಗಳು ಇರುತ್ತವೆ. ಅಲ್ಲಿ ಎರಡು ಮಿಲಿಮೀಟರಿನಷ್ಟು ಕತ್ತರಿಸಿ ತೆಗೆಯಿರಿ. ಯಾವ ತುದಿ ಎಂದು ತಿಳಿಯದಿದ್ದರೆ ಎರಡನ್ನೂ ಕತ್ತರಿಸಿ. ದ್ರಾಕ್ಷಿ ಎಲೆ ಹಾಕುತ್ತಿದ್ದದ್ದೂ ಇದೇ ಕಿಣ್ವಗಳನ್ನು ತಡೆಯಲಿಕ್ಕೆ. ತುದಿ ಕತ್ತರಿಸಿದ ಮೇಲೆ ಎಲೆ ಕಡ್ಡಾಯವಲ್ಲ, ಆದರೆ ಅಜ್ಜಿ ಹಾಕಿದ್ದಾರೆ ಎಂದ ಮೇಲೆ ನಾನಾದರೆ ಹಾಕುತ್ತೇನೆ. ಕಾಯಿ ಕಿತ್ತ 24 ಗಂಟೆಯೊಳಗೆ ಜಾಡಿಗೆ ಸೇರಲಿ. ತಡವಾದಷ್ಟೂ ಒಳಗೆ ಟೊಳ್ಳಾಗುತ್ತದೆ. ತೊಳೆಯುವಾಗ ನೀರಿನ ಮೇಲೆ ತೇಲುವ ಕಾಯಿಗಳು ಆಗಲೇ ಟೊಳ್ಳು, ಅವನ್ನು ಬೇರೆ ಅಡುಗೆಗೆ ಎತ್ತಿಡಿ. ಮೇಣ ಬಳಿದ ಕಾಯಿ ಬೇಡವೇ ಬೇಡ, ಉಪ್ಪುನೀರು ಒಳಗಿಳಿಯುವುದಿಲ್ಲ.

ಸಬ್ಬಸಿಗೆಯ ವಿಷಯದಲ್ಲಿ ಅಜ್ಜಿಯ ಮಾತಿನಿಂದ ಒಂದಿಂಚೂ ಕದಲಬೇಡಿ. ಅವರು ‘ಹೂಬಿಟ್ಟ’ ಎಂದು ಬರೆದಿರುವುದಕ್ಕೆ ಕಾರಣವಿದೆ. ಎಳೆ ಸೊಪ್ಪಿನ ಪರಿಮಳ ಹಗುರ, ವಾರಗಟ್ಟಲೆ ಉಪ್ಪುನೀರಿನಲ್ಲಿ ನಿಲ್ಲುವುದಿಲ್ಲ. ಹೂಗೊಂಚಲು ಹಸಿರು ಬೀಜ ಕಟ್ಟುವ ಹೊತ್ತಿಗೆ ಕಾರ್ವೋನ್ ಎಂಬ ತೈಲಾಂಶ ತುಂಬಿಕೊಳ್ಳುತ್ತದೆ. ನಾವು ಈ ಉಪ್ಪಿನಕಾಯಿಯ ವಾಸನೆ ಎಂದು ಗುರುತಿಸುವುದು ಬಹುಮಟ್ಟಿಗೆ ಅದನ್ನೇ. ಎರಡು ಕಿಲೊ ಕಾಯಿಗೆ ನಾಲ್ಕೈದು ಗೊಂಚಲು ಸಾಕು. ಗೊಂಚಲು ಸಿಗದಿದ್ದರೆ ಎರಡು ದೊಡ್ಡ ಚಮಚ ಒಣ ಸಬ್ಬಸಿಗೆ ಬೀಜ ಹಾಕಿ. ಸೊಪ್ಪನ್ನು ರಾಶಿ ಹಾಕಿ ಸರಿದೂಗಿಸಲು ಹೋಗಬೇಡಿ. ಬೆಳ್ಳುಳ್ಳಿ, ಮೆಣಸು ನಿಮ್ಮ ಮನೆಯ ರುಚಿಯಂತೆ.

ಗಾಜು ಅಥವಾ ಪಿಂಗಾಣಿ ಜಾಡಿಯೇ ಬೇಕು. ಕಾಯಿ ಹಸಿರಾಗಿ ಉಳಿಯಲಿ ಎಂದು ತಾಮ್ರದ ಪಾತ್ರೆ ಬಳಸುವ ಹಳೆಯ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ತಾಮ್ರ ಆಮ್ಲದಲ್ಲಿ ಕರಗಿ ವಿಷವಾಗುತ್ತದೆ. ಹಸಿರು ಮಾಸಿ ಆಲಿವ್ ಬಣ್ಣಕ್ಕೆ ತಿರುಗುವುದು ಹುಳಿ ಬಂದದ್ದರ ಗುರುತು. ಕಾಯಿಗಳ ಮೇಲೆ ಭಾರ ಇಟ್ಟು ಕನಿಷ್ಠ ಎರಡೂವರೆ ಸೆಂಟಿಮೀಟರ್ ನೀರು ನಿಲ್ಲುವಂತೆ ಮುಳುಗಿಸಿ. ಮುಚ್ಚಳ ಬಿಗಿಯಬೇಡಿ, ಗಾಳಿ ಹೊರಹೋಗಬೇಕು.

‘ಹುಳಿಯಾಗುವವರೆಗೆ’ ಎಂದರೆ ಎಷ್ಟು ದಿನ ಎಂಬುದು ಕೋಣೆಯ ಉಷ್ಣತೆಯನ್ನು ಅವಲಂಬಿಸಿದೆ. 21ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೂರರಿಂದ ನಾಲ್ಕು ವಾರ. 13ರಿಂದ 18 ಡಿಗ್ರಿಯಲ್ಲಿ ಐದಾರು ವಾರ. 27 ದಾಟಿದರೆ ಕಾಯಿ ಮೆತ್ತಗಾಗುತ್ತದೆ, ಉಪ್ಪು ಸರಿಯಿದ್ದರೂ ಸಹ. ಆದ್ದರಿಂದ ನೀವು ಜಾಡಿ ಇಟ್ಟಿದ್ದ ಜಾಗ ಎಷ್ಟು ಬಿಸಿಯಿತ್ತು ಎಂಬುದನ್ನೂ ನೋಡಿ. ಒಲೆಯ ಪಕ್ಕವಂತೂ ಬೇಡ. ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿದರೆ ಆಗಾಗ ತೆಗೆದುಹಾಕುತ್ತಿರಿ.

ಹುಳಿ ಹದಕ್ಕೆ ಬಂದ ಮೇಲೆ ಅದೇ ನೀರಿನೊಂದಿಗೆ ಫ್ರಿಜ್‌ಗೆ ಸೇರಿಸಿ. ನಾಲ್ಕರಿಂದ ಆರು ತಿಂಗಳು ಚೆನ್ನಾಗಿರುತ್ತದೆ. ಮೊದಲ ಸಲ ಒಂದು ಕಿಲೊ ಮಾತ್ರ ಹಾಕಿ, ಉಪ್ಪಿನ ಗ್ರಾಂ ಲೆಕ್ಕವನ್ನು ಬೇರೆ ಕಾಗದದಲ್ಲಿ ಬರೆದು ಚೀಟಿಗೆ ಲಗತ್ತಿಸಿ; ಅಜ್ಜಿಯ ಅಕ್ಷರದ ಮೇಲೆ ತಿದ್ದಬೇಡಿ. ವಾರದ ಹೊತ್ತಿಗೆ ಒಂದು ಫೋಟೊ ಹಾಕಿ, ನೋಡಿ ಹೇಳುತ್ತೇನೆ.